ಹೊತ್ತು ಮುಳುಗಿದ ಮೇಲಿನ ಊಟ

ಹಿಪ್ಪರಗಿ
9 ಫೆಬ್ರವರಿ 2014

ಚಿರಂಜೀವಿ ಜಿನೇಶನಿಗೆ ನಿನ್ನ ಯಶೋಧರಾ ಅತ್ತೆಯ ಆಶೀರ್ವಾದ.

ನಿನ್ನನ್ನು ಅಷ್ಟು ದೂರದ ಜೈಲಿಗೆ ಒಯ್ದ ಮೇಲೆ ಭೇಟಿಗೆ ಬರುವುದು ನನ್ನಿಂದ ಆಗಿಲ್ಲ. ಅದಕ್ಕೇ ಈ ಕಾಗದ. ಜೀವಮಾನವೆಲ್ಲ ಕನ್ನಡ ಶಾಲೆಯ ಮಕ್ಕಳಿಗೆ ಪತ್ರಲೇಖನ ಕಲಿಸಿದವಳು ನಾನು. ಖರೆ ಕಾಗದ ಬರೆಯುವ ಪ್ರಸಂಗ ಬಂದದ್ದು ಈಗ, ಅದೂ ಜೈಲಿನ ವಿಳಾಸಕ್ಕೆ. ನಿನಗಿಂತ ಮೊದಲು ಅಲ್ಲಿನ ಸಾಹೇಬರು ಇದನ್ನು ಓದುತ್ತಾರೆಂದು ಅಣ್ಣಾಸಾಹೇಬ ವಕೀಲರು ಹೇಳಿದ್ದಾರೆ. ಓದಲಿ. ನನ್ನ ಅಕ್ಷರ ದುಂಡಗಿವೆ, ತ್ರಾಸಾಗಲಿಕ್ಕಿಲ್ಲ.

ಪೊಲೀಸರು ಪತ್ರಿಕೆಯವರಿಗೆ ಹೇಳಿದ್ದನ್ನು ಓದಿ ಊರಿಗೆ ಊರೇ ನಕ್ಕಿತು. ಬನಹಟ್ಟಿಯ ಗಂಗಾರಾಮನ ಮಗ್ಗದ ಶೆಡ್ಡಿಗೆ ಬೆಂಕಿ ಬಿದ್ದ ಹಿಂದಿನ ದಿನ ನೀನು ಮೊಬೈಲಿನಲ್ಲಿ ಕಳಿಸಿದ ಮೆಸೇಜೇ ಅವರಿಗೆ ದೊಡ್ಡ ಪುರಾವೆಯಂತೆ. "ಗ್ಯಾಂಗ್ ಬಂದೈತಿ. ನಾಳಿ ನಸಕಿನ್ಯಾಗ ಕಡಿಯಾಕ ಹತ್ತೂದು. ಆಮ್ಯಾಲ ಬೆಂಕಿ ಹಚ್ಚೂದು." ಗ್ಯಾಂಗ್ ಎಂದರೆ ಕಬ್ಬು ಕಡಿಯುವವರು, ಬೆಂಕಿ ಹಚ್ಚುವುದು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ, ರವದಿಗೆ. ಇಷ್ಟು ನಮ್ಮ ಒಂದನೆಯ ಇಯತ್ತೆಯ ಮಕ್ಕಳಿಗೂ ಗೊತ್ತು. ನಮ್ಮ ಹೊಲ ಮಾಡುವ ಗೂಳಪ್ಪ ಅಂತೂ ಕಟ್ಟೆಯ ಮೇಲೆ ಕೂತು, "ಅಕ್ಕೋರ, ಹಂಗಾದ್ರ ಹಿಪ್ಪರಗಿ ಮಂದಿ ಎಲ್ಲಾರೂ ಒಳಗ ಹೋಗಬೇಕಾಕೈತಿ. ಊರಾಗ ಒಬ್ಬಾಂವ ಉಳಿಯಂಗಿಲ್ಲ" ಎಂದ. ನಿನ್ನನ್ನು ಒಯ್ದ ಮೇಲೆ ನಾನು ಮೊದಲ ಸಲ ನಕ್ಕೆ.

ಆದರೆ ಇನ್ನೊಂದು ಸುಳ್ಳು ಓದಿ ಪಿತ್ತ ನೆತ್ತಿಗೇರಿತು. ಆ ರಾತ್ರಿ ಪೊಲೀಸರು ಹಿಡಿದ ನೀವು ನಾಲ್ವರೂ ಮುಧೋಳ ರಸ್ತೆಯ ಧಾಬಾದಲ್ಲಿ ಉಂಡು, ಅಲ್ಲೇ ಮಸಲತ್ತು ಮಾಡಿ, ಅಲ್ಲಿಂದಲೇ ಬನಹಟ್ಟಿಗೆ ಹೊರಟಿರಂತೆ. ರಾತ್ರಿ ಊಟ! ಜೈನರ ಮನೆಯಲ್ಲಿ ಬೆಳೆದ ಹುಡುಗ! ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಒಲೆ ಹತ್ತಿದ್ದನ್ನು ಯಾರು ಕಂಡಿದ್ದಾರೆ? ನಿನ್ನ ಅಪ್ಪ ಅವ್ವ ತೀರಿದ ಮೇಲೆ ನನ್ನ ಮಡಿಲಿಗೆ ಬಂದವ ನೀನು. ಮೈ ಕೆಂಡವಾಗುವ ಜ್ವರ ಬಂದಾಗಲೂ ಹೊತ್ತಿರುವಾಗಲೇ ಗಂಜಿ ಕುಡಿದವ. ಸುಳ್ಳು ಹೇಳುವವರು ಸ್ವಲ್ಪ ವಿಚಾರಿಸಿಯಾದರೂ ಹೇಳಬಾರದೇ?

ಧೈರ್ಯ ಬಿಡಬೇಡ. ಊರು ನಿನ್ನ ಬೆನ್ನಿಗಿದೆ.

ಯಶೋಧರಾ ಅತ್ತೆ


2 ಮಾರ್ಚ್ 2014

ಅತ್ತೆ, ಜೈ ಜಿನೇಂದ್ರ.

ಕಾಗದ ತಡವಾಗಿ ಮುಟ್ಟಿತು. ಆರಾಮ ಇದ್ದೇನೆ. ಆ ಮೆಸೇಜು ಕಬ್ಬಿನದೇ. ದೇವರಾಣೆ ಕಬ್ಬಿನದೇ, ಗೂಳಪ್ಪನಿಗೇ ಕಳಿಸಿದ್ದು. ಅದನ್ನು ನೀನು ಎಲ್ಲಿ ಬೇಕಾದರೂ, ಯಾರ ಮುಂದೆ ಬೇಕಾದರೂ ಹೇಳು.

ಕಬ್ಬು ಪೂರ್ತಿ ಹೋಯಿತೇ? ಹೊಳೆಯಲ್ಲಿ ನೀರು ಎಷ್ಟಿದೆ? ಇಲ್ಲಿ ಊಟ ಕೊಡುತ್ತಾರೆ. ಪಲ್ಯದಲ್ಲಿ ಉಳ್ಳಾಗಡ್ಡಿ ಇರುತ್ತದೆ, ಬದಿಗೆ ಸರಿಸುತ್ತೇನೆ.

ಬನಹಟ್ಟಿಯ ಆ ಮನುಷ್ಯನ ವಿಷಯ ಪತ್ರಿಕೆಯಲ್ಲಿ ಬಂದರೆ ತಿಳಿಸು. ಸುಮ್ಮನೆ ಕೇಳಿದೆ. ಇಲ್ಲಿ ಪತ್ರಿಕೆ ಬರುತ್ತದೆ, ಆದರೆ ನಮ್ಮ ಕೇಸಿನ ಸುದ್ದಿ ಇದ್ದ ಜಾಗ ಕತ್ತರಿಸಿರುತ್ತದೆ.

ಜಿನೇಶ


ಹಿಪ್ಪರಗಿ
23 ಮಾರ್ಚ್ 2014

ಚಿರಂಜೀವಿ ಜಿನೇಶನಿಗೆ,

ಉಳ್ಳಾಗಡ್ಡಿ ಸರಿಸುತ್ತೇನೆ ಎಂದು ಬರೆದೆಯಲ್ಲ, ಆ ದಿನ ನನಗೆ ತುತ್ತು ಇಳಿಯಲಿಲ್ಲ. ಊಟದ ಹೊತ್ತಿನ ಮಾತನ್ನು ನೀನು ಬರೆದಿಲ್ಲ. ಬರೆಯದಿದ್ದರೆ ನನಗೆ ತಿಳಿಯುವುದಿಲ್ಲವೇ? ಕತ್ತಲಾದ ಮೇಲೆ ಕೊಡುತ್ತಾರೆ, ನೀನು ಹಸಿದೇ ಮಲಗುತ್ತೀ. ಜೈಲಿನ ದೊಡ್ಡ ಸಾಹೇಬರಿಗೆ ಅರ್ಜಿ ಬರೆದು ಹಾಕಿದ್ದೇನೆ. ನಮ್ಮ ಹುಡುಗ ಹುಟ್ಟಿದಾಗಿನಿಂದ ಹೊತ್ತು ಮುಳುಗಿದ ಮೇಲೆ ಉಂಡವನಲ್ಲ, ದಯಮಾಡಿ ಅವನಿಗೆ ಬೆಳಕಿರುವಾಗಲೇ ಊಟ ಕೊಡಿಸಿರಿ ಎಂದು. ಅಣ್ಣಾಸಾಹೇಬರು ಅದರ ಪ್ರತಿ ತೆಗೆದಿಟ್ಟುಕೊಂಡರು. "ಅಕ್ಕೋರ, ಧಾಬಾದ್ದು ಬಿತ್ತಂದ್ರ ಇಡೀ ಕೇಸ ಬಿದ್ದಂಗ. ನಿಮ್ಮಂಥವರು ಕಟಕಟಿಯಾಗ ನಿಂತ ಇದೊಂದ ಮಾತ ಹೇಳಿದ್ರ ಸಾಕು" ಎಂದರು.

ಇನ್ನೊಂದು ಸುದ್ದಿ. ನೀನು ಯಾವಾಗಲೂ ನೋಡುತ್ತಿದ್ದೆಯಂತಲ್ಲ, 'ಎಚ್ಚೆತ್ತ ನಾಡು' ಎಂಬ ಫೇಸ್‌ಬುಕ್ ಪುಟ, ಅದರಲ್ಲಿ ನಿನ್ನ ಫೋಟೊ ಬಂದಿದೆ. ಗೂಳಪ್ಪ ತನ್ನ ಮೊಬೈಲಿನಲ್ಲಿ ತೋರಿಸಿದ. ಕೆಳಗೆ 'ಹೊತ್ತು ಮುಳುಗಿದ ಮೇಲೆ ಉಣ್ಣದ ಹುಡುಗ' ಎಂದು ಬರೆದಿದ್ದಾರೆ. ಅದು ನಾನು ಬಸದಿಯ ಅಂಗಳದಲ್ಲಿ ಆಡಿದ ಮಾತು! ಯಾರೋ ಒಯ್ದು ಅಲ್ಲಿ ಹಾಕಿದ್ದಾರೆ. ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಬಂದು, "ಆ ಹುಡುಗನ ಅತ್ತಿ ನೀವಽ ಏನ್ರಿ" ಎಂದು ಕೈ ಮುಗಿದರು. ನನಗೆ ಹೆಮ್ಮೆ ಅನಿಸಿತು, ಯಾಕೆ ಮುಚ್ಚಿಡಲಿ.

ಗಂಗಾರಾಮನ ವಿಷಯ ಕೇಳಿದ್ದೀ. ಆ ಪುಟದವರ ಮೆರವಣಿಗೆಗೆ ಎದುರು ನಿಂತು ಭಾಷಣ ಮಾಡಿ ನಗರಸಭೆಗೆ ನಿಲ್ಲಲು ಹೊರಟವ ಅವನು. ಮಂದಿಯ ಮರುಕ ಸಿಗಲೆಂದು ತಾನೇ ಶೆಡ್ಡಿಗೆ ಬೆಂಕಿ ಹಚ್ಚಿಕೊಂಡನಂತೆ. ಸುಟ್ಟಿದೆ ಎನ್ನುವ ಕೈಗೆ ಸುತ್ತಿದ್ದು ಬರೀ ಬಟ್ಟೆಯಂತೆ, ಒಳಗೆ ಏನೂ ಆಗಿಲ್ಲವಂತೆ. ಆ ಪುಟದಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಕಬ್ಬಿನ ಗ್ಯಾಂಗನ್ನು ಕೊಲೆಗಡುಕರ ಗ್ಯಾಂಗು ಮಾಡಿದ ಪೊಲೀಸರು ಮತ್ತೇನು ಮಾಡಲಿಕ್ಕಿಲ್ಲ?

ಯಶೋಧರಾ ಅತ್ತೆ


20 ಏಪ್ರಿಲ್ 2014

ಅತ್ತೆ, ಜೈ ಜಿನೇಂದ್ರ.

ಈಗ ನನಗೊಬ್ಬನಿಗೇ ಬೆಳಕಿರುವಾಗ ತಾಟು ಬರುತ್ತದೆ. ಅರ್ಜಿ ಬೇಡವಾಗಿತ್ತು. ಬ್ಯಾರಕ್ಕಿನವರೆಲ್ಲ ನನ್ನನ್ನು 'ಸ್ವಾಮಿ' ಎಂದು ಕರೆಯಲು ಹತ್ತಿದ್ದಾರೆ. ಒಬ್ಬ ಮುದುಕ ಕಾಲು ಮುಟ್ಟಲು ಬಂದ. ನನಗೆ ಅವನನ್ನು ದೂಡಿಬಿಡಬೇಕು ಅನಿಸಿತು.

ಆ ಫೋಟೊದ ಕೆಳಗಿನ ಮಾತು ತೆಗೆಸಲು ಆಗುತ್ತದೆಯೇ ನೋಡು. ಊಟದ ಮಾತನ್ನು ಸಿಕ್ಕ ಸಿಕ್ಕವರ ಮುಂದೆ ಆಡಬೇಡ. ಮೆಸೇಜಿನ ಮಾತು ಆಡು. ಅದು ಗಟ್ಟಿ ಇದೆ.

ಜಿನೇಶ


ಹಿಪ್ಪರಗಿ
14 ಸೆಪ್ಟೆಂಬರ್ 2014

ಚಿರಂಜೀವಿ ಜಿನೇಶನಿಗೆ,

ಏಪ್ರಿಲ್ ಆದ ಮೇಲೆ ನಿನ್ನ ಕಾಗದವೇ ಇಲ್ಲ. ನಾನು ಬರೆದವು ಮುಟ್ಟಿದವೋ, ಯಾರ ಟೇಬಲ್ಲಿನ ಮೇಲೆ ಕೂತವೋ. ಕೋರ್ಟಿನ ತಾರೀಖಿಗೂ ನಿನ್ನನ್ನು ತರುವುದಿಲ್ಲ, ಗೋಡೆಯ ಟೀವಿಯಲ್ಲಿ ತೋರಿಸುತ್ತಾರೆ. ಹೋದ ಸಲ ನಾನು ಕೈ ಎತ್ತಿದೆ. ನೀನು ಬೇರೆ ಎಲ್ಲೋ ನೋಡುತ್ತಿದ್ದೆ. ನಿನಗೆ ನಾನು ಕಾಣುವುದಿಲ್ಲ ಎಂದು ಅಣ್ಣಾಸಾಹೇಬರು ಆಮೇಲೆ ಹೇಳಿದರು. ಊಟದ ಮಾತು ಆಡಬೇಡ ಎಂದು ಬರೆದಿದ್ದೆಯಲ್ಲ, ನಿನ್ನ ಸಂಕೋಚ ನನಗೆ ಗೊತ್ತು. ಸಣ್ಣವನಿದ್ದಾಗಲೂ ಹೊಗಳಿದರೆ ಬಾಗಿಲ ಹಿಂದೆ ಓಡುತ್ತಿದ್ದೆ.

ಮೊನ್ನೆ ದಶಲಕ್ಷಣ ಪರ್ವ ಮುಗಿಯಿತು. ಕ್ಷಮೆಯ ದಿನ ಪ್ರತಿ ವರ್ಷದಂತೆ ಕಂಡವರಿಗೆಲ್ಲ, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿರಿ ಎಂದು ಕೈಮುಗಿದೆ. ಮನೆಗೆ ಬಂದರೆ ಮನಸ್ಸು ನಿಲ್ಲದು. ಗಂಗಾರಾಮನನ್ನು ಊರ ಮುಂದೆ ಸುಳ್ಳ ಎಂದಿದ್ದೇನೆ, ಅವನ ಕೈಯನ್ನು ಕಂಡಿಲ್ಲ. ಮರುದಿನ ಯಾರಿಗೂ ಹೇಳದೆ ಬನಹಟ್ಟಿಯ ಬಸ್ಸು ಹತ್ತಿದೆ.

ಬಾಗಿಲು ತೆರೆದವಳು ಅವನ ಹೆಂಡತಿ ಮರೆವ್ವ. ನಾನು ಯಾರೆಂದು ಹೇಳಿದೆ. ಅವಳು ಬಾಗಿಲು ಮುಚ್ಚಲಿಲ್ಲ. "ಕೈ ನೋಡಾಕ ಬಂದೀರಿ, ಹೌದಿಲ್ರಿ? ಬರ್ರಿ. ಎಲ್ಲಾರೂ ನೋಡಾಕಽ ಬರತಾರ" ಎಂದು ಒಳಗೆ ಕರೆದೊಯ್ದು ಗಂಡನ ಕೈಯ ಬಟ್ಟೆ ಬಿಚ್ಚಿದಳು. ಜಿನೇಶ, ಅದು ಬರೀ ಬಟ್ಟೆಯಲ್ಲ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಆ ಕೈ ಇನ್ನು ನೂಲು ಹಿಡಿಯಲಾರದು, ತುತ್ತನ್ನೂ ಹಿಡಿಯಲಾರದು. ಅವಳೇ ಉಣಿಸುತ್ತಾಳೆ.

ಅವನು ನನ್ನನ್ನು ಬೈಯಬಹುದೆಂದು ಗಟ್ಟಿಯಾಗಿ ಕೂತಿದ್ದೆ. ಬೈಯಲಿಲ್ಲ. "ಅಕ್ಕೋರ, ನಾ ಪೊಲೀಸರ ಮುಂದ ಯಾರ ಹೆಸರೂ ಹೇಳಿಲ್ಲ. ಹೊಗಿಯಾಗ ಮಾರಿ ಕಾಣಲಿಲ್ಲ. ಅವರು ಬರಕೊಂಡಿದ್ದರಾಗ ಖರೆ ಎಷ್ಟು, ಸುಳ್ಳ ಎಷ್ಟು, ನನಗೂ ತಿಳಿಯಂಗಿಲ್ಲ" ಎಂದ. ಮರೆವ್ವ ಬಟ್ಟೆ ತಿರುಗಿ ಸುತ್ತುವಾಗ, "ಹೊರಗ ನಿಂತವರು ನಗತಿದ್ರು. ಅದಷ್ಟ ಕೇಳಿಸ್ತು" ಎಂದ.

ನಾನು ಏಳುವಾಗ ಮರೆವ್ವ, "ನೀವು ಹೊತ್ತ ಮುಳುಗೂದ್ರಾಗ ಉಣ್ಣೂ ಮಂದಿ. ಮನಿ ಮುಟ್ಟೂದ್ರಾಗ ಕತ್ತಲಾಕೈತಿ. ಎರಡ ಬಾಳಿಹಣ್ಣರ ತಿಂದ ಹೋಗ್ರಿ" ಎಂದು ಮುಂದೆ ಇಟ್ಟಳು. ತಿಂದೆ. ಕ್ಷಮೆ ಕೇಳಬೇಕೆಂದು ಹೋದವಳಿಗೆ ಬಾಯಿ ಬರಲಿಲ್ಲ. ಕೇಳಿದರೆ ನೀನು ಮಾಡಿದ್ದೀ ಎಂದು ಒಪ್ಪಿಕೊಂಡಂತೆ, ಕೇಳದಿದ್ದರೆ ಪರ್ವ ಮಾಡಿ ಏನು ಬಂತು.

ಅವನ ಕೈ ಸುಟ್ಟದ್ದು ಖರೆ. ಸುಟ್ಟವರು ಬೇರೆ ಯಾರೋ. ಹೌದಲ್ಲವೇ? ಬೇಗ ಬರೆ.

ಯಶೋಧರಾ ಅತ್ತೆ


5 ಅಕ್ಟೋಬರ್ 2014

ಪೂಜ್ಯರೇ,

ನೀವು ಆ ಮನೆಗೆ ಹೋಗಿದ್ದು ಅಕ್ಷಮ್ಯ. ನಿದ್ರಿಸುತ್ತಿರುವ ಸಮಾಜವನ್ನು ಬಡಿದೆಬ್ಬಿಸುವವರಿಗೆ ಕಾರಾಗೃಹವೇ ಗುಡಿ. ಕಣ್ಣೀರು ತೋರಿಸಿ ನಿಮ್ಮಂಥ ಮುಗ್ಧರನ್ನು ಸೆಳೆಯುವುದು ಷಡ್ಯಂತ್ರದ ಒಂದು ಭಾಗ. ವ್ಯವಸ್ಥೆ ಹೇಳುವುದೆಲ್ಲ ಸುಳ್ಳು, ಪತ್ರಿಕೆ ಸುಳ್ಳು, ಆಸ್ಪತ್ರೆಯ ಕಾಗದ ಸುಳ್ಳು. ದ್ರೋಹಿಗಳ ಬಗ್ಗೆ ಕನಿಕರ ತೋರುವುದು ನಾಡಿಗೆ ಬಗೆಯುವ ದ್ರೋಹ. ಇತಿಹಾಸ ನಮ್ಮನ್ನು ನಿರ್ದೋಷಿಗಳೆಂದು ಸಾರುತ್ತದೆ.

ನಗುತ್ತಿದ್ದರು ಎಂದು ಅವನು ಖರೇನೇ ಹೇಳಿದನೇ? ಎಷ್ಟು ಜನ ನಗುತ್ತಿದ್ದರು ಎಂದು ಹೇಳಿದನೇ?

ಜಿನೇಶ


ಹಿಪ್ಪರಗಿ
11 ಜನವರಿ 2015

ಜಿನೇಶನಿಗೆ,

ನಿನ್ನ ಆ ಕಾಗದ ಓದಿ ಇಷ್ಟು ದಿನ ಪೆನ್ನು ಹಿಡಿಯುವ ಮನಸ್ಸಾಗಲಿಲ್ಲ. 'ಷಡ್ಯಂತ್ರ' ಎಂಬ ಶಬ್ದವನ್ನು ನೀನು ತಪ್ಪಿಲ್ಲದೆ ಬರೆದದ್ದು ನೋಡಿ ಹೆದರಿಕೆಯಾಯಿತು. ಹತ್ತನೆಯ ಇಯತ್ತೆಯವರೆಗೂ ಶ ಯಾವುದು, ಷ ಯಾವುದು ತಿಳಿಯದೆ ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವ ನೀನು. ಆ ಸಾಲುಗಳು ನಿನ್ನವಲ್ಲ. ಗೂಳಪ್ಪನಿಗೆ ಹೇಳಿ ಆ ಪುಟವನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿ ಓದಿಸಿದೆ. ಎಲ್ಲವೂ ಅಲ್ಲಿವೆ, ಗುಡಿಯೂ ಇದೆ, ಇತಿಹಾಸವೂ ಇದೆ. ಗಂಗಾರಾಮನನ್ನು ದ್ರೋಹಿ ಎಂದು ಕರೆದ ಮೊದಲ ದಿನದ ಬರಹದ ಕೆಳಗೆ ನಿನ್ನ ಹೆಸರೂ ಇದೆ. 'ನಾವು ಸಿದ್ಧ' ಎಂದು ಬರೆದಿದ್ದೀ. ಮನೆಯಲ್ಲಿ ಚಾದರ ಹೊದ್ದು ಮೊಬೈಲು ನೋಡುತ್ತಿದ್ದಾಗ ಕಾಲೇಜಿನ ಪಾಠ ಓದುತ್ತಿದ್ದೀ ಎಂದು ತಿಳಿದು ನಾನು ನಿನಗೆ ಹಾಲು ಕಾಯಿಸಿ ಇಟ್ಟೆ. ಹೊತ್ತಿರುವಾಗಲೇ.

ನನ್ನನ್ನು ನೀನು ಎಂದು ಕರೆಯುತ್ತಿದ್ದವ ನೀವು ಎಂದೆ. ಆ ಒಂದು ಅಕ್ಷರ ನನ್ನನ್ನು ಮನೆಯ ಹೊರಗೆ ನಿಲ್ಲಿಸಿತು.

ಈಗ ಮುಖ್ಯ ಮಾತು. ಬರುವ ತಿಂಗಳು ನನ್ನ ಸಾಕ್ಷಿ. 'ಜಿನೇಶ ತನ್ನ ಜೀವಮಾನದಲ್ಲಿ ಒಮ್ಮೆಯೂ ಹೊತ್ತು ಮುಳುಗಿದ ಮೇಲೆ ಉಂಡಿಲ್ಲ' ಎಂದು ನಾನು ಪ್ರಮಾಣ ಮಾಡಿ ಹೇಳಬೇಕು. ಅಣ್ಣಾಸಾಹೇಬರು ನಾಲ್ಕು ಸಲ ಬಾಯಿಪಾಠ ಮಾಡಿಸಿದರು. ಜೈಲಿನವರೇ ಮಂಜೂರು ಮಾಡಿದ ನನ್ನ ಅರ್ಜಿಯನ್ನೂ ಹಾಜರುಪಡಿಸುತ್ತಾರೆ. ನಾನು ಹಾಗೆ ಹೇಳಿದರೆ ನೀನು ಬಿಡುಗಡೆಯಾಗುವುದು ಖಾತ್ರಿ, ನಕ್ಕಿ ಎನ್ನುತ್ತಾರೆ. ಹೇಳಿದ ಮೇಲೆ ಗಂಗಾರಾಮ ಸಾಯುವವರೆಗೆ ಸುಳ್ಳ ಎನಿಸಿಕೊಳ್ಳುವುದೂ ನಕ್ಕಿ. ಹೋದ ಚಾತುರ್ಮಾಸದಲ್ಲಿ ಮುನಿಮಹಾರಾಜರ ಮುಂದೆ ಸುಳ್ಳಾಡುವುದಿಲ್ಲ ಎಂದು ವ್ರತ ತೆಗೆದುಕೊಂಡವಳು ನಾನು. ಹೇಳಲು ನನಗೆ ಅಳುಕಿಲ್ಲ. ನಾನು ಕಂಡದ್ದು ಅಷ್ಟೇ.

ಆದರೆ ನಿನ್ನ ಕಾಗದಗಳನ್ನೆಲ್ಲ ನಿನ್ನೆ ಮತ್ತೆ ಹರವಿಕೊಂಡು ಕೂತೆ. ಮೆಸೇಜು ಕಬ್ಬಿನದು ಎಂದು ಆಣೆ ಮಾಡಿದ್ದೀ. ಧಾಬಾದ ಮಾತು ಸುಳ್ಳು ಎಂದು ಒಂದು ಸಲವೂ ಬರೆದಿಲ್ಲ. ಒಂದು ಸಲವೂ ಇಲ್ಲ ಜಿನೇಶ.

ಕಾಗದವನ್ನು ಅವರು ಓದುತ್ತಾರೆಂದು ನನಗೂ ಗೊತ್ತು. ಹೆಚ್ಚು ಬೇಡ. ಏನಾದರೂ ಎರಡು ಸಾಲು ಬರೆ. ನನಗೆ ಅರ್ಥವಾಗುತ್ತದೆ.

ಯಶೋಧರಾ


28 ಜನವರಿ 2015

ಅತ್ತೆ,

ನಿನ್ನ ಕಾಗದ ಮುಟ್ಟಿತು. ಇಲ್ಲಿ ಥಂಡಿ ಬಹಳ ಇದೆ.

ನಿನ್ನೆಯಿಂದ ರಾತ್ರಿ ಊಟ ಬಿಟ್ಟಿದ್ದೇನೆ.

ಜಿನೇಶ


ಹಿಪ್ಪರಗಿ
22 ಫೆಬ್ರವರಿ 2015

ಚಿರಂಜೀವಿ ಜಿನೇಶನಿಗೆ,

ನಿನ್ನ ಸಾಲು ಓದಿದೆ. ಬೆಳಕಿರುವಾಗ ಬಂದ ತಾಟನ್ನೂ ನೀನು ಕತ್ತಲಾದ ಮೇಲೆ ಉಣ್ಣುತ್ತಿದ್ದೆ ಎಂದಾಯಿತು. ಇಲ್ಲದ್ದನ್ನು ಯಾರೂ ಬಿಡುವುದಿಲ್ಲ. ಜೈಲಿನ ಸಾಹೇಬರು ಭಕ್ತಿ ಎಂದುಕೊಂಡು ಠಸ್ಸೆ ಹೊಡೆದು ಕಳಿಸಿದ್ದಾರೆ. ಹೊರಗೆ ಎಷ್ಟು ವರ್ಷದಿಂದ ಉಣ್ಣುತ್ತಿದ್ದೆಯೋ ನನಗೆ ಗೊತ್ತಿಲ್ಲ. ಉಂಡದ್ದಕ್ಕೆ ನನಗೆ ಸಿಟ್ಟಿಲ್ಲ. ಹಸಿದ ಹುಡುಗರು ಉಣ್ಣುತ್ತಾರೆ. ಉಂಡು ಎದ್ದು ಎಲ್ಲಿಗೆ ಹೋದೆ, ನನ್ನ ಸಿಟ್ಟೆಲ್ಲ ಅದಕ್ಕೆ.

ಸಾಕ್ಷಿಯ ದಿನ ಕೋರ್ಟಿನ ಟೀವಿ ಕೆಟ್ಟಿತ್ತು. ನೀನು ಕೇಳಿರಲಿಕ್ಕಿಲ್ಲ. ಊರವರು ಒಂದು ಬಗೆ ಹೇಳಿಯಾರು, ಆ ಪುಟದವರು ಇನ್ನೊಂದು ಬಗೆ ಬರೆದಾರು. ಆದದ್ದನ್ನು ನನ್ನಿಂದಲೇ ತಿಳಿದುಕೋ.

ಮೊದಲು ಅಣ್ಣಾಸಾಹೇಬರು ಎದ್ದು ಕೇಳಿದರು. "ಜಿನೇಶ ಎಂದಾದರ ಹೊತ್ತ ಮುಳುಗಿದ ಮ್ಯಾಲ ಊಟ ಮಾಡಿದ್ದು ಐತೇನ್ರಿ?"

"ನನ್ನ ಮನಿಯಾಗ ಇಲ್ರಿ."

"ಹೊರಗ?"

"ಹೊರಗಿಂದು ನಾ ಕಂಡಿಲ್ರಿ. ಪ್ರಮಾಣ ಮಾಡಿ ಹೇಳಾಕ ಬರಂಗಿಲ್ಲ."

ಅವರು ನನ್ನ ಅರ್ಜಿಯ ಪ್ರತಿ ಎತ್ತಿ ಹಿಡಿದರು. "ಅಕ್ಕೋರ, ನೀವಽ ಬೆಳಸಿದ ಹುಡುಗ ಅಂವ" ಎಂದರು.

"ಬೆಳಸೇನ್ರಿ. ಬೆನ್ನ ಹತ್ತಿ ಹೋಗಿಲ್ಲ" ಎಂದೆ.

ಆಮೇಲೆ ಸರಕಾರಿ ವಕೀಲರು ನಗುತ್ತ ಎದ್ದರು, ನಾನು ಅವರ ಕಡೆಯವಳಾದೆ ಎಂದುಕೊಂಡು. ಗ್ಯಾಂಗಿನ ಮೆಸೇಜು ಓದಿ ಇದು ನಿಮ್ಮ ಹುಡುಗನದೇ ಏನ್ರಿ ಎಂದರು. "ಅಂವಂದಽ. ಗ್ಯಾಂಗ್ ಅಂದ್ರ ಕಬ್ಬ ಕಡಿಯೂ ಮಂದಿ. ಸಾಹೇಬರ, ಪೊಲೀಸರು ಅದನ್ನ ತಪ್ಪ ಬರದಾರ, ತಿದ್ದಿಸ್ರಿ" ಎಂದೆ. ಜಡ್ಜ್ ಸಾಹೇಬರು ಅದನ್ನೂ ಬರೆಸಿದರು. ಹೀಗೆ ಇಬ್ಬರಿಗೂ ಬೇಡವಾಗಿ ಕೆಳಗಿಳಿದೆ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. 'ಪೊಲೀಸರಿಗೆ ಮಾರಿಕೊಂಡ ಮುದುಕಿ' ಎಂದು ಆ ಪುಟದಲ್ಲಿ ನನ್ನ ಫೋಟೊ ಹಾಕಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಕೈ ಮುಗಿದವರು ಈಗ ಮುಖ ತಿರುವುತ್ತಾರೆ. ಬಸದಿಯಲ್ಲಿ ನಾನು ಕೂತರೆ ಮಗ್ಗುಲಿನವರು ಎದ್ದು ಹೋಗುತ್ತಾರೆ. ಇದನ್ನೆಲ್ಲ ತಡೆದುಕೊಂಡೆ. ಗೂಳಪ್ಪ ಬಂದು, "ಅಕ್ಕೋರ, ನನ್ನ ಮುಂದರ ಖರೆ ಹೇಳ್ರಿ. ಯಾರ ಹೆದರಿಸಿದ್ರು ನಿಮಗ?" ಎಂದಾಗ ಮಾತ್ರ ಅಳು ಬಂತು. ಯಾರೂ ಹೆದರಿಸಿಲ್ಲ ಎಂದೆ. "ಹೆದರಿಸಿದವರು ಹಂಗಽ ಹೇಳಸ್ತಾರ ಬಿಡ್ರಿ" ಎಂದು ಕನಿಕರದಿಂದ ತಲೆ ಅಲ್ಲಾಡಿಸಿ ಹೋದ. ಪೊಲೀಸರು ಹೇಳಿದ್ದನ್ನು ನಂಬಬಾರದು ಎಂದು ಅವನಿಗೆ ಕಲಿಸಿದವಳು ನಾನೇ. ಈಗ ನಾನು ಹೇಳಿದ್ದನ್ನೂ ಅವನು ನಂಬುವುದಿಲ್ಲ.

ಜಿನೇಶ, ನಾನು ಸುಳ್ಳು ಹೇಳಲಿಲ್ಲ. ಆದರೆ ನನಗೆ ಗೊತ್ತಾದದ್ದನ್ನು ಹೇಳಿಯೂ ಇಲ್ಲ. ಅದು ನನ್ನ ಬಾಯಿಂದ ಬರುವ ಮಾತಲ್ಲ, ನಿನ್ನದು. ರಾತ್ರಿ ಊಟ ಬಿಟ್ಟದ್ದು ಛಲೋ ಆಯಿತು. ಅದು ಹಗುರದ ವ್ರತ. ಯಾರು ಕರೆದರು, ಯಾರು ಪೆಟ್ರೋಲ್ ತಂದರು, ನೀನು ಎಲ್ಲಿ ನಿಂತಿದ್ದೆ, ಏನು ಮಾಡಿದೆ, ಇದು ನಿನಗೆ ಗೊತ್ತು. ಮಂದಿ ಊಹೆ ಮಾಡುತ್ತಾರೆ, ಪೊಲೀಸರು ಜೋಡಿಸುತ್ತಾರೆ, ಗಂಗಾರಾಮನಿಗೆ ಮಾತ್ರ ಈವರೆಗೂ ಯಾರೂ ಆದದ್ದನ್ನು ಆದಂತೆ ಹೇಳಿಲ್ಲ.

ಮುಂದಿನ ತಾರೀಖಿಗೆ ನಿನ್ನನ್ನು ಖುದ್ದಾಗಿ ಕೋರ್ಟಿಗೆ ತರುತ್ತಾರಂತೆ. ತೀರ್ಪು ಇನ್ನೂ ಆಗಿಲ್ಲ. ಸಾಹೇಬರೇ, ನನಗೆ ಹೇಳುವುದಿದೆ ಎಂದು ನೀನು ಕೈ ಎತ್ತಿದರೆ ಯಾರೂ ತಡೆಯಲಾರರು. ಅಣ್ಣಾಸಾಹೇಬರು ಬೇಡ ಎನ್ನುತ್ತಾರೆ. ಇದನ್ನು ಓದುತ್ತಿರುವ ಜೈಲಿನ ಸಾಹೇಬರು ಏನನ್ನುತ್ತಾರೋ ಗೊತ್ತಿಲ್ಲ. ಬೇಕಾದರೆ ಎರಡು ಸಲ ಓದಲಿ.

ಈ ಕಾಗದಕ್ಕೆ ಉತ್ತರ ಬರೆಯಬೇಡ. ಆ ದಿನ ಗಂಗಾರಾಮನೂ ಮರೆವ್ವನೂ ಬರುತ್ತಾರೆ. ಅವರ ಮಗ್ಗುಲ ಬೆಂಚಿನ ಮೇಲೆ ನಾನಿರುತ್ತೇನೆ. ನಿನ್ನ ಕನ್ನಡದಲ್ಲೇ ಹೇಳು, ಶ ಷ ತಪ್ಪಿದರೂ ನಡೆಯುತ್ತದೆ. ಹೇಳಿದ ಮೇಲೆ ಅವರು ಎಷ್ಟು ವರ್ಷ ಒಳಗಿಟ್ಟರೂ ನಿನಗೆ ಕಾಗದ ಬರೆಯಲು ನಾನಿದ್ದೇನೆ. ಹೇಳದೆ ಬಿಡುಗಡೆಯಾಗಿ ಬಂದರೆ ಬಾಗಿಲು ತೆರೆಯುತ್ತೇನೆ, ನೀರು ಕೊಡುತ್ತೇನೆ, ತಾಟೂ ಇಡುತ್ತೇನೆ. ಮಗ್ಗುಲಲ್ಲಿ ಕೂತು ಉಣ್ಣುವುದು ಮಾತ್ರ ನನ್ನಿಂದ ಆಗಲಿಕ್ಕಿಲ್ಲ.

ನಿನ್ನ ಅತ್ತೆ